ತಾಮ್ರಗಿರಿಯ ಸುಟ್ಟ ಬೋರ್ಡು

"ಕೇಳಿರಿ, ಕೇಳಿರಿ! ತಾಮ್ರಗಿರಿ ಕೆರೆಯ ತೂಬನ್ನು ತೆರೆದು ಮುಚ್ಚುವ ಸರ್ಕ್ಯೂಟ್ ಬೋರ್ಡು ಮತ್ತೆ ಸುಟ್ಟಿದೆ. ಅದರ ನಕ್ಷೆ ಬರೆದ ದೊಡ್ಡೀರನಿಗೆ ನಾಳೆ ಗಲ್ಲು. ಅವನ ಜಾಗಕ್ಕೆ ಬರುವವರು ಮಹಾರಾಜರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರು ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಕೋಟೆ ಬಾಗಿಲಿಗೆ!"

ಡಂಗುರದವನು ಬೀದಿ ದಾಟುವ ಮೊದಲೇ ಸಣ್ಣೀರಿ ಸೋಲ್ಡರಿಂಗ್ ಐರನ್ ಕೆಳಗಿಟ್ಟು ಎದ್ದಳು. ದೊಡ್ಡೀರ ಅವಳ ಅಣ್ಣ. ಅವನು ಕಂಪ್ಯೂಟರಿನಲ್ಲಿ ನಕ್ಷೆ ಬರೆದರೆ, ಇವಳು ಬೋರ್ಡಿಗೆ ಬಿಡಿಭಾಗ ಬೆಸೆಯುವವಳು.

ಆಸ್ಥಾನದಲ್ಲಿ ಆಗಲೇ ಸೇನಾಪತಿಯ ಮಗ ವಜ್ರಬಾಹು, ಭಂಡಾರಿಯ ಅಳಿಯ ಇಬ್ಬರೂ ಒಗಟು ಬಿಡಿಸಲು ನಿಂತಿದ್ದರು. ವಜ್ರಬಾಹು ಮೂಗು ಮುಚ್ಚಿಕೊಂಡ. "ಥೂ, ಹೊಗೆ ವಾಸನೆ! ಆಚೆ ನಿಲ್ಲೇ. ನಿನ್ನಣ್ಣನ ಹಗ್ಗದಲ್ಲಿ ನಿನಗೂ ಒಂದು ಗೇಣು ಮಿಕ್ಕೀತು."

"ನೀವು ಮೊದಲು ಉತ್ತರ ಹೇಳಿ ಸ್ವಾಮಿ," ಎಂದಳು ಸಣ್ಣೀರಿ. "ಹಗ್ಗ ಯಾರಿಗೆ ಸಾಲುತ್ತೆ ನೋಡೋಣ."

ಮಹಾರಾಜ ಉದ್ದಂಡರಾಯ ಸಿಂಹಾಸನದ ತೋಳು ಕುಟ್ಟಿದ. "ಒಂದು ತಾಮ್ರದ ಗೆರೆಗೆ ಇಬ್ಬರು ಅಪ್ಪಣೆ ಕೊಡುತ್ತಾರೆ. ಪಕ್ಕದ ಗೆರೆಯಿಂದ ಬೆರಳಗಲ ದೂರವಿರು ಅಂತ ಒಬ್ಬ. ಕೂದಲೆಳೆಯಷ್ಟು ಸಾಕು ಅಂತ ಇನ್ನೊಬ್ಬ. ಗೆರೆ ಯಾರ ಮಾತು ಕೇಳುತ್ತದೆ?"

"ಹೆಚ್ಚು ಕಟ್ಟುನಿಟ್ಟಿನವನ ಮಾತು," ಎಂದ ವಜ್ರಬಾಹು.

"ತಪ್ಪು. ಎಳೆದುಕೊಂಡು ಹೋಗಿ."

ಭಂಡಾರಿಯ ಅಳಿಯ ಕೈಮುಗಿದ. "ಮೊದಲು ಹೇಳಿದವನ ಮಾತು, ಪ್ರಭು."

"ಇವನನ್ನೂ ಸೆರೆಗೆ ತಳ್ಳಿ. ನಾಳೆ ಒಟ್ಟಿಗೇ ಆಗಲಿ. ನೀನು ಬಾಯಿ ಬಿಡೇ ಹುಡುಗಿ."

"ಮೇಲಿನ ಸಾಲಿನಲ್ಲಿ ಕೂತವನ ಮಾತು, ಬುದ್ಧಿ. ಗೆರೆ ಅಂದರೆ ಬೋರ್ಡಿನಲ್ಲಿ ವಿದ್ಯುತ್ ಹರಿಯುವ ದಾರಿ, ಆ ಇಬ್ಬರೂ ನಕ್ಷೆಯ ನಿಯಮಗಳು. ಕಂಪ್ಯೂಟರು ಅವನ್ನು ಮೇಲಿನಿಂದ ಓದುತ್ತೆ. ಗೆರೆಗೆ ಹೊಂದುವ ಮೊದಲನೇ ನಿಯಮ ಸಿಕ್ಕಿತೋ, ಅಲ್ಲಿಗೇ ನಿಲ್ಲುತ್ತೆ. ಕೆಳಗಿನವನು ಕೂಗಿಕೊಂಡರೂ ಕೇಳಿಸಲ್ಲ."

ರಾಜನ ಹುಬ್ಬು ಗಂಟಿಕ್ಕಿತು. "ಸರಿ, ಎರಡನೆಯದು. ನನ್ನ ಕಾವಲುಗಾರ ನಿದ್ದೆ ಮಾಡದವ, ಲಂಚ ಮುಟ್ಟದವ. ಮನೆಯೆಲ್ಲ ಸುತ್ತಿ 'ಒಂದೂ ತಪ್ಪಿಲ್ಲ' ಅಂದ. ಮರುಗಳಿಗೆಯಲ್ಲಿ ಮನೆ ಉರಿಯಿತು. ಅವನು ಸುಳ್ಳಾಡಿದನೇ?"

"ಇಲ್ಲ ಬುದ್ಧಿ. ಅವನು ಕಂಪ್ಯೂಟರಿನ ತಪಾಸಣೆ. ಕೊಟ್ಟ ನಿಯಮ ಯಾರಾದರೂ ಮೀರಿದ್ದಾರಾ ಅಂತ ಮಾತ್ರ ನೋಡ್ತಾನೆ. ನಿಯಮವೇ ತಪ್ಪಾಗಿದ್ದರೆ ಅವನಿಗೆ ಕಾಣಲ್ಲ."

ಸಭೆಯಲ್ಲಿ ಗುಸುಗುಸು ಎದ್ದಿತು. ರಾಜ ನಗುತ್ತ ಮುಂದಕ್ಕೆ ಬಾಗಿದ.

"ಇದೂ ಸರಿ. ಮೂರನೆಯದು ಕೇಳು. ನನ್ನ ನಿಯಮವನ್ನು ಯಾರೂ ಮೀರಿಲ್ಲ. ಆದರೂ ಬೋರ್ಡು ಸುಟ್ಟಿತು. ಸುಟ್ಟವನು ಯಾರು? ಅಣ್ಣನ ಹೆಸರು ಹೇಳು, ತಲೆ ಉಳಿಸಿಕೊಂಡು ಮನೆಗೆ ನಡೆ."

ಅವಳು ತಲೆ ತಗ್ಗಿಸಲಿಲ್ಲ. "ಅಣ್ಣ ಅಲ್ಲ. ಸುಟ್ಟವರು ತಾವು."

ಖಡ್ಗಗಳು ಒರೆಯಿಂದ ಹೊರಬಂದವು.

"ಕಡಿಯುವ ಮೊದಲು ಕರಣಿಕರ ಕಂಪ್ಯೂಟರಿನ ಪರದೆ ನೋಡಿ! ಬೋರ್ಡು ಅಂಗೈಯಲ್ಲಿ ಹಿಡಿಸಲಿ ಅಂತ, ಎಲ್ಲ ಗೆರೆಗೂ ಕೂದಲೆಳೆ ಸಾಕು ಅಂತ ತಾವು ಬರೆಸಿದಿರಿ. ಅದನ್ನು ಮೇಲಿನ ಸಾಲಿಗೆ ಹಾಕಿ, ಕದಲಿಸಿದರೆ ಕೈ ಕಡಿಯುತ್ತೇನೆ ಅಂದಿರಿ. ತೂಬಿನ ಮೋಟಾರಿನ ಗೆರೆಯಲ್ಲಿ ಹರಿಯೋದು ಹೈವೋಲ್ಟೇಜು. ಅದಕ್ಕೆ ಬೆರಳಗಲ ಬೇಕು ಅಂತ ಅಣ್ಣ ಬೇರೆ ನಿಯಮ ಬರೆದ. ತಮ್ಮದರ ಕೆಳಗೆ ಬಿದ್ದು ಅದು ಸತ್ತಿತು. ಸುಟ್ಟ ಬೋರ್ಡುಗಳನ್ನು ತರಿಸಿ, ಎಲ್ಲವೂ ಆ ಗೆರೆಯ ಪಕ್ಕದಲ್ಲೇ ಕರಕಲು. ಅಣ್ಣನದನ್ನು ಮೇಲಕ್ಕೆ ಹಾಕಿ ತಪಾಸಣೆ ಮಾಡಿಸಿ. ಒಂದೂ ತಪ್ಪು ಕಾಣದಿದ್ದರೆ ಕಡಿಯಿರಿ."

ರಾಜ ಸನ್ನೆ ಮಾಡಿದ. ಕರಣಿಕ ಸಾಲು ಬದಲಿಸಿ ತಪಾಸಣೆ ಓಡಿಸಿದ. ಮೋಟಾರಿನ ಗೆರೆಯುದ್ದಕ್ಕೂ ಪರದೆಯ ಮೇಲೆ ತಪ್ಪು ತೋರಿಸುವ ಕೆಂಪು ಗುರುತು ಏಳತೊಡಗಿತು.

"ನನ್ನ ನಿಯಮ ಅಳಿಸಬೇಕೋ?" ರಾಜನ ದನಿಯಲ್ಲಿ ಇನ್ನೂ ವಿಷವಿತ್ತು.

"ಬೇಡ ಬುದ್ಧಿ. ಉಳಿದ ಗೆರೆಗಳಿಗೆ ಅದು ಸರಿಯೇ. ಎಲ್ಲರಿಗೂ ಅನ್ನುವ ನಿಯಮ ಕೆಳಗಿರಲಿ. ಇಂಥವರಿಗೆ ಮಾತ್ರ ಅನ್ನೋದು ಮೇಲಿರಲಿ."

"ಏನು ಬೇಕು, ಕೇಳಿ ಸಾಯಿ."

"ಸೆರೆಯಲ್ಲಿರುವ ಮೂವರನ್ನೂ ಬಿಡಿ. ಸಾಲು ಬದಲಿಸುವ ಅಧಿಕಾರ ನಮಗೆ ಕೊಡಿ. ಇನ್ನು ತಾವು ಅದನ್ನು ಮುಟ್ಟಬಾರದು."

ಕೊಟ್ಟ ಮಾತನ್ನು ಇಡೀ ಊರು ಕೇಳಿತ್ತು. ರಾಜ ಹಲ್ಲು ಕಡಿಯುತ್ತಲೇ ಒಪ್ಪಿದ. ಸಂಕೋಲೆ ಬಿಚ್ಚಿಸಿಕೊಂಡು ಬಂದ ದೊಡ್ಡೀರ ತಂಗಿಯ ಭುಜ ಹಿಡಿದು ಪರದೆ ನೋಡಿದ.

"ಹೊಸ ಬೋರ್ಡು ಅಂಗೈಯಲ್ಲಿ ಹಿಡಿಸಲ್ಲ, ಪ್ರಭು."

"ಎರಡು ಕೈಯಲ್ಲಿ ಹಿಡಿಯುತ್ತೇನೆ," ಎಂದು ಗುಡುಗಿದ ಉದ್ದಂಡರಾಯ. "ಕೆಲಸಕ್ಕೆ ಕೂರು!"