ಎತ್ತುವ ಕೈಗಳು

ಹೊಳೆದಂಡೆಯ ಆಶ್ರಮದಲ್ಲಿ ಇಂದುಧರ ಆರು ವರ್ಷ ಕೂತು ಒಂದು ರೋಬೋಟ್ ಮಾಡಿದ. ಮನುಷ್ಯನಷ್ಟೇ ಎತ್ತರ, ಎರಡು ಕಾಲು, ಎರಡು ಕೈ. ಹಾಸಿಗೆ ಹಿಡಿದವರನ್ನು ಅದು ನೋವಾಗದಂತೆ ಎತ್ತಿ ಕೂರಿಸಬೇಕು ಎಂಬುದು ಅವನ ಸಂಶೋಧನೆಯ ಗುರಿ.

ಒಂದು ಬೆಳಿಗ್ಗೆ ಗುರು ಮರುಳಯ್ಯನವರನ್ನು ಕರೆತಂದು ತೋರಿಸಿದ. ಅದರ ಮೈಯಲ್ಲಿ ನಲವತ್ತು ಕೀಲುಗಳಿವೆ ಎಂದ. ಅಂಗೈಗೆ ರಬ್ಬರಿನ ಚರ್ಮ, ಅದರಡಿ ಒತ್ತಡ ಅಳೆಯುವ ಸೆನ್ಸರುಗಳು. ಮಲಗಿದವರ ಭುಜ ಎಲ್ಲಿ, ಸೊಂಟ ಎಲ್ಲಿ ಎಂದು ಕಣ್ಣಿನ ಕ್ಯಾಮೆರಾ ತಾನೇ ಗುರುತಿಸುತ್ತದೆ. ಎಂಬತ್ತು ಕಿಲೋ ಎತ್ತಿದರೂ ಅದು ವಾಲುವುದಿಲ್ಲ.

ಗುರುಗಳು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಚಪ್ಪಲಿ ಬಿಟ್ಟು, ಅಲ್ಲಿದ್ದ ಮಂಚದ ಮೇಲೆ ಮಲಗಿದರು.

"ಎತ್ತಿಸು," ಎಂದರು.

ಇವತ್ತು ಬೇಡ, ಹಿಡಿತ ಒಮ್ಮೊಮ್ಮೆ ಬಿಗಿಯಾಗುತ್ತದೆ, ಇನ್ನೊಂದು ತಿಂಗಳು ಪರೀಕ್ಷೆ ಆಗಲಿ ಎಂದು ಇಂದುಧರ ತಡವರಿಸಿದ.

"ಇಲ್ಲಿಯವರೆಗೆ ಯಾರನ್ನು ಎತ್ತಿಸಿದೆ?"

ಅಂಗಳ ಗುಡಿಸುವ ಸಂಕಮ್ಮನನ್ನು ಎಂದು ಅವನು ಹೇಳಿದ. ಬೇಡ ಅನ್ನಲಾರಳು ಎಂದೇ ಆಕೆಯನ್ನು ಕರೆದದ್ದು ಎಂಬುದು ಹೇಳುವಾಗಲೇ ಅವನಿಗೆ ತಿಳಿಯಿತು. ಕತ್ತು ಬಗ್ಗಿಹೋಯಿತು.

ಗುರುಗಳು ಎದ್ದು ಸಂಕಮ್ಮನನ್ನು ಕರೆಸಿದರು. ಯಂತ್ರವನ್ನು ನಿಲ್ಲಿಸುವ ಗುಂಡಿಯನ್ನು ಆಕೆಯ ಕೈಗೆ ಕೊಟ್ಟು ನೀನು ಮಲಗು ಎಂದು ಶಿಷ್ಯನಿಗೆ ಹೇಳಿದರು.

ಇಂದುಧರ ಮಲಗಿದ. ರೋಬೋಟ್ ಅವನ ಮೇಲೆ ಬಾಗಿತು. ತಾನೇ ಮಾಡಿದ ಮುಖ ಕೆಳಗಿನಿಂದ ಹೀಗೆ ಕಾಣುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಬೆರಳುಗಳು ತೋಳಿನ ಹತ್ತಿರ ಬಂದವು. ಮುಟ್ಟುವ ಮೊದಲೇ ಸಂಕಮ್ಮ ಗುಂಡಿ ಒತ್ತಿಬಿಟ್ಟಳು.

"ಬ್ಯಾಡ್ರೀ," ಎಂದಳು. "ಭಾಳ ನೋಯ್ತೈತ್ರೀ."

ಅವನು ಎದ್ದು ಕೂತ. ಇಷ್ಟು ದಿನ ಒಮ್ಮೆಯೂ ಯಾಕೆ ಹೇಳಲಿಲ್ಲ ಎಂದು ಕೇಳಿದ.

"ನನ್ನ ಕೆಳಗಿಳಿಸಿದ ಕೂಡ್ಲೇ ನೀವು ಅದರ ಬೆರಳು ನೋಡಾಕ ಹೋಗ್ತಿದ್ರಿ," ಎಂದಳು ಸಂಕಮ್ಮ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

ಗುರುಗಳು ಕೇಳಿದ್ದಕ್ಕೆ ಆಕೆ ಕುಪ್ಪಸದ ತೋಳು ಸರಿಸಿ ತೋರಿಸಿದಳು. ಬೆರಳಿನ ಗುರುತುಗಳು ಒಂದರ ಮೇಲೊಂದು ಕೂತಿದ್ದವು. ಹಳೆಯವು ಹಳದಿಗೆ ತಿರುಗಿದ್ದವು, ಈ ವಾರದವು ಇನ್ನೂ ನೀಲಿ. ಆ ಬೆರಳುಗಳ ಅಗಲ ಇಂದುಧರನಿಗೆ ಬಾಯಿಪಾಠವಾಗಿತ್ತು.

ಅವನ ಮುಖ ಕಾವೇರಿತು. ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಮಂಚದಿಂದ ಇಳಿದವನೇ ಗುರುಗಳ ಕಾಲಿಗೆ ಬಿದ್ದ. ತಪ್ಪಾಯಿತು, ಕ್ಷಮಿಸಿ ಎಂದು ಬೇಡಿಕೊಂಡ.

ಮರುಳಯ್ಯನವರು ಪಾದ ಹಿಂದೆ ಸರಿಸಿಕೊಂಡರು.

"ನೊಂದದ್ದು ನನ್ನ ತೋಳಲ್ಲ," ಎಂದರು.