ಮೆಲುಕು ನಿಂತ ಕುದುರೆ

ಒಂದಾನೊಂದು ಊರು. ಆ ಊರನ್ನು ದೂರದ ಸೀಮೆಯಿಂದ ಹೊಸದಾಗಿ ಬಂದ ಒಬ್ಬ ರಾಜ ಆಳುತ್ತಿದ್ದನಂತೆ. ಅವನ ಸೀಮೆಯಲ್ಲಿ ಎಲ್ಲಿ ನೋಡಿದರೂ ಕುದುರೆ. ಹಸು ಅನ್ನುವುದನ್ನು ಅವನೂ ಕಂಡವನಲ್ಲ, ಅವನ ಜೊತೆ ಬಂದವರೂ ಕಂಡವರಲ್ಲ.

ರಾಣಿ ಗಂಡುಮಗು ಹೆತ್ತಳು. ಎದೆಯಲ್ಲಿ ಹಾಲಿಳಿಯಲಿಲ್ಲ. ಮಗು ಅತ್ತೂ ಅತ್ತೂ ಸೊರಗಿತು. ಊರಿನವರು ದನ ಸಾಕುವ ಜುಂಜಮ್ಮನ ಹೆಸರು ಹೇಳಿದರು. ಜುಂಜಮ್ಮ ತನಗಿದ್ದ ಒಂದೇ ಹಸು ಕೆಂದಿಯನ್ನು ಹೊಡೆದುಕೊಂಡು ಅರಮನೆಗೆ ಬಂದಳಂತೆ.

ಕುದುರೆ ನೋಡುವ ರಾವುತ ಯಾವ ಪ್ರಾಣಿ ಬಂದರೂ ಮೊದಲು ಬಾಯಿ ಬಿಡಿಸುವವನು. ಕೆಂದಿಯ ಬಾಯಿ ಬಿಡಿಸಿದ. ಮೇಲೆ ಮುಂದುಗಡೆ ಒಂದು ಹಲ್ಲೂ ಇಲ್ಲ, ಬರೀ ಒಸಡು. ಕಾಲೆತ್ತಿ ನೋಡಿದ, ಗೊರಸು ಎರಡು ಸೀಳು. ಎಡ ಪಕ್ಕೆಗೆ ಕಿವಿ ಇಟ್ಟ, ಒಳಗೆ ಗುಡುಗುಡು. ಅಷ್ಟರಲ್ಲಿ ಕೆಂದಿ ಮಲಗಿತು. ಮುಂದೆ ಒಂದು ಎಸಳು ಹುಲ್ಲಿಲ್ಲ. ಕತ್ತಿನೊಳಗೆ ಏನೋ ಒಂದು ಉಂಡೆ ಸರ್ರನೆ ಮೇಲೇರಿತು, ಕೆಂದಿ ಜಗಿಯತೊಡಗಿತು. ಏಳುವಾಗಲಾದರೂ ನೆಟ್ಟಗೆ ಎದ್ದಿತೇ? ಮೊದಲು ಹಿಂಭಾಗ ಎತ್ತಿತು, ಆಮೇಲೆ ಮುಂಗಾಲು.

ರಾವುತನಿಗೆ ದಿಕ್ಕೇ ತೋಚಲಿಲ್ಲವಂತೆ. ಹಲ್ಲಿಲ್ಲ, ಜಗಿಯುತ್ತದೆ. ಮೇವಿಲ್ಲ, ತಿನ್ನುತ್ತದೆ. ಏಳುವುದೂ ಹಿಂದುಮುಂದು. ಇದಕ್ಕೆ ಗಾಳಿ ಮೆಟ್ಟಿಕೊಂಡಿದೆ, ಇದರ ಹಾಲು ಮಗುವಿಗೆ ಬೇಡ ಅಂದ. ರಾಜ ಹೆದರಿ, ಹಸುವನ್ನು ಹುಲಿಯ ಕಾಡಿಗೆ ಅಟ್ಟಿ ಅಂದ.

ಜುಂಜಮ್ಮನಿಗೂ ತಲೆ ತಿರುಗಿತು. ಹುಟ್ಟಿದಾಗಿನಿಂದ ದನ ಕಂಡವಳು, ಯಾಕೆ ಹೀಗೆ ಅಂತ ಯಾವತ್ತೂ ಕೇಳಿಕೊಂಡವಳಲ್ಲ. ನಿಜವಾಗಿಯೂ ಗಾಳಿಯೇ ಇರಬಹುದೇ ಅನ್ನಿಸಿತಂತೆ. ಆದರೂ ಹಗ್ಗ ಬಿಡಲಿಲ್ಲ.

“ಹಂಗಾದ್ರೆ ನೆಟ್ಟಗಿರೋ ಪ್ರಾಣಿ ಹೆಂಗಿರ್ತದೆ, ಅದನ್ನಾದ್ರೂ ತೋರಿಸಿ ಬುದ್ಧಿ,” ಅಂದಳು.

ರಾಜ ತನ್ನ ಪಟ್ಟದ ಕುದುರೆಯನ್ನು ತರಿಸಿದ. ಜುಂಜಮ್ಮ ಅಲ್ಲಿಯವರೆಗೆ ಕುದುರೆಯನ್ನು ಹತ್ತಿರದಿಂದ ಕಂಡವಳೇ ಅಲ್ಲ. ಕಾಲು ನೋಡಿದಳು, ಗೊರಸು ಒಂದೇ ಗಡ್ಡೆ. ಅಯ್ಯೋ ಪಾಪ, ಅಂಟಿಕೊಂಡುಬಿಟ್ಟಿದೆ ಅಂದುಕೊಂಡಳು. ಬಾಯಿ ನೋಡಿದಳು, ಮೇಲೂ ಹಲ್ಲು, ಕೆಳಗೂ ಹಲ್ಲು. ಹುಲ್ಲು ಹಾಕಿಸಿ ಎದುರು ಕೂತಳು. ಕುದುರೆ ತಿಂದು ಮುಗಿಸಿತು. ಈಗ ಮೆಲುಕು ಹಾಕೀತು, ಇನ್ನೊಂದು ಗಳಿಗೆಗೆ ಹಾಕೀತು ಅಂತ ಕಾದಳು. ನೆರಳು ಅತ್ತಲಿಂದ ಇತ್ತ ಹೊರಳಿತು. ಕುದುರೆ ಬಾಯಿ ಆಡಿಸಲಿಲ್ಲ.

ಜುಂಜಮ್ಮನ ಕಣ್ಣಲ್ಲಿ ನೀರು ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ವೀಳ್ಯದೆಲೆ, ಮೆಣಸು, ಉಪ್ಪು ಅರೆದು ತನ್ನಿ ಅಂದಳು.

“ಯಾಕೆ?” ಅಂದ ರಾಜ.

“ನಿಮ್ಮ ಕುದುರೆಗೆ ಮೆಲುಕು ನಿಂತದೆ ಬುದ್ಧಿ. ಮೆಲುಕು ನಿಂತ ದನ ನಾಳೆಗೆ ಉಳಿಯಾಕಿಲ್ಲ.”

ಅವಳು ಔಷಧದ ಉಂಡೆ ಹಿಡಿದು ಕುದುರೆಯ ದವಡೆಗೆ ಕೈ ಹಾಕಿದಳು. ರಾಜ ಓಡಿಬಂದು ಅಡ್ಡ ನಿಂತ.

“ಬಿಡಮ್ಮ, ಅದಕ್ಕೆ ಏನೂ ಆಗಿಲ್ಲ. ಅದು ಇರೋದೇ ಹಾಗೆ.”

ಜುಂಜಮ್ಮ ಕೈ ಕೆಳಗಿಳಿಸಿದಳು.

“ನನ್ನ ಕೆಂದೀನೂ ಇರೋದೇ ಹಂಗೆ ಬುದ್ಧಿ.”

ರಾಜ ರಾವುತನ ಮುಖ ನೋಡಿದ, ರಾವುತ ನೆಲ ನೋಡಿದ. ಒಳಗೆ ಮಗು ಅತ್ತಿತು. ರಾಜ ತಾನೇ ತಂಬಿಗೆ ತಂದು ಜುಂಜಮ್ಮನ ಕೈಗೆ ಕೊಟ್ಟನಂತೆ. ಕರೆದ ಹಾಲನ್ನು ಮೊದಲು ತಾನು ಕುಡಿದು, ಆಮೇಲೆ ಒಳಲೆಯಲ್ಲಿ ಮಗುವಿಗೆ ಕುಡಿಸಿದ. ಹೊಟ್ಟೆ ತುಂಬಿದ ಮಗು ಅಪ್ಪನ ತೋಳಲ್ಲೇ ನಿದ್ದೆ ಹೋಯಿತು. ಕೆಂದಿ ಅರಮನೆಯ ಕೊಟ್ಟಿಗೆಯಲ್ಲೇ ಉಳಿಯಿತು.

ಆದರೂ ರಾವುತ ಕೆಂದಿಯ ಸೀಳು ಗೊರಸಿಗೆ ಗುಟ್ಟಾಗಿ ಎಣ್ಣೆ ಸವರುತ್ತಿದ್ದನಂತೆ. ಜುಂಜಮ್ಮ ಕುದುರೆ ಕಂಡಾಗಲೆಲ್ಲ ಸೆರಗಿನಿಂದ ಒಂದು ವೀಳ್ಯದೆಲೆ ತೆಗೆದು ತಿನ್ನಿಸುತ್ತಿದ್ದಳಂತೆ.

ಕೆಂದಿ ಅಲ್ಲಿ ಮೆಲುಕು ಹಾಕುತ್ತಾ ಮಲಗಿತು, ಕಥೆ ಕೇಳಿದವರು ಇಲ್ಲಿ ಉಂಡು ಮಲಗಿ.