ಸಾಕು ಅನ್ನದ ದೊರೆಯ ತುಪ್ಪ

ಒಂದಾನೊಂದು ಊರಿನಲ್ಲಿ ಗುಂಡಭೂಪ ಅನ್ನೋ ದೊರೆ ಇದ್ದ. ಯಾವ ಊರು ಅಂತ ಕೇಳಬೇಡಿ. ಕೇಳಿದರೆ ಕತೆ ಮುನಿಸಿಕೊಂಡು ಮೂಲೆ ಸೇರುತ್ತೆ, ಆಮೇಲೆ ಅದನ್ನ ಸಮಾಧಾನ ಮಾಡೋರು ಯಾರು? ಒಲೆ ಮುಂದೆ ಕೂತವರು ಹೂಂಗುಟ್ಟಬೇಕು. ಹೂಂಗುಟ್ಟದವರಿಗೆ ಕತೆಯೂ ಇಲ್ಲ, ಕೊನೆಗೆ ಕೊಡೋ ಹುರಿಗಡಲೆಯೂ ಇಲ್ಲ.

ಆ ಊರಲ್ಲಿ ಊಟಕ್ಕೆ ಒಂದು ಕ್ರಮ ಇತ್ತು. ಎಲೆ ಹಾಕಬೇಕು, ಅನ್ನ ಬಡಿಸಬೇಕು, ತೊವ್ವೆ ಬಡಿಸಬೇಕು, ಆಮೇಲೆ ತುಪ್ಪ. ತುಪ್ಪ ಬೀಳೋವರೆಗೆ ಯಾರೂ ತುತ್ತು ಎತ್ತೋ ಹಾಗಿಲ್ಲ. ಉಣ್ಣೋನು ‘ಸಾಕು’ ಅನ್ನೋವರೆಗೆ ಬಡಿಸೋನು ಕೈ ಎತ್ತೋ ಹಾಗಿಲ್ಲ. ನಿಮ್ಮ ಮನೇಲೂ ಇದೇ ತಾನೇ, ಹೊಸದೇನಲ್ಲ.

ಆದರೆ ಗುಂಡಭೂಪನಿಗೆ ಒಂದು ಹಟ. ಸಾಕು ಅನ್ನೋದು ಇಲ್ಲದೋರ ಮಾತು, ದೊರೆ ಬಾಯಲ್ಲಿ ಬರಬಾರದು ಅಂತ. ತುಪ್ಪ ಬಡಿಸೋ ಸೀನಂಭಟ್ಟನಿಗೆ ಇನ್ನೊಂದು ಹಟ. ಸಾಕು ಅನ್ನಿಸಿಕೊಳ್ಳದೆ ತುಪ್ಪದ ಮಿಳ್ಳೆ ಎತ್ತಿದರೆ ತಾತ ಮುತ್ತಾತಂದಿರಿಗೆ ಅವಮಾನ ಅಂತ.

“ಬಡಿಸಲೇ ಮಹಾಸ್ವಾಮಿ?” ಅಂದ ಭಟ್ಟ.

“ಹೂಂ,” ಅಂದ ದೊರೆ.

“ಇನ್ನೂ?”

“ಹೂಂ.”

ಮಿಳ್ಳೆಗೆ ತಳವೇ ಇರಲಿಲ್ಲ, ಇನ್ನು ಅದು ಖಾಲಿಯಾಗೋದು ಎಲ್ಲಿಂದ? ಬೆಳಗಿನ ತುಪ್ಪ ಮಧ್ಯಾಹ್ನದವರೆಗೂ ಬಿತ್ತು. ಮಧ್ಯಾಹ್ನದ್ದು ಸಂಜೆವರೆಗೂ ಬಿತ್ತು. ಎಲೆ ತುಂಬಿತು, ಊಟದ ಮನೆ ತುಂಬಿತು, ಅರಮನೆ ಮೆಟ್ಟಿಲಿಳಿದು ಬೀದಿಗೆ ಬಂತು. ಜನ ನಡೆಯೋದು ಬಿಟ್ಟು ಜಾರಿಕೊಂಡೇ ಸಂತೆಗೆ ಹೋದರು. ವಾಪಸ್ ಬರೋಕೆ ಏರು. ಅದಕ್ಕೆ ಅಲ್ಲೇ ಸಂಸಾರ ಹೂಡಿದರು. ಊರಿನ ಹಸುಗಳು ಮಾತ್ರ ಇದೆಲ್ಲ ನಮ್ಮದೇ ಅಂತ ಕೋಡು ಎತ್ತಿಕೊಂಡು ಓಡಾಡಿದವು.

ಉಂಡು ಉಂಡು ದೊರೆ ಎಷ್ಟು ನುಣುಪಾದ ಅಂದರೆ, ಕಿರೀಟ ತಲೆ ಮೇಲೆ ನಿಲ್ಲಲಿಲ್ಲ, ದೊರೆ ಸಿಂಹಾಸನದ ಮೇಲೆ ನಿಲ್ಲಲಿಲ್ಲ. ಮಂತ್ರಿ ಅವನನ್ನ ಹಗ್ಗದಲ್ಲಿ ಕಟ್ಟಿ ಕೂರಿಸಿ ನ್ಯಾಯ ಹೇಳಿಸ್ತಿದ್ದ.

ಒಂದು ದಿನ ಎದೆ ಒಳಗಿಂದ ಯಾರೋ ಕದ ತಟ್ಟಿದರು. ದೊರೆ ಬಾಯಿ ತೆಗೆದ. ಅವನ ಹೃದಯ ಆಚೆ ಬಂದು, ಬಾಳೆಎಲೆ ತುದಿ ಮೇಲೆ ಕೂತು, ಬೆವರು ಒರೆಸಿಕೊಳ್ತು.

“ಬುದ್ಧಿ, ನನ್ನ ಕೈಲಾಗಲ್ಲ,” ಅಂತು. “ಹೋಗೋ ದಾರಿ ಬರೋ ದಾರಿ ಎಲ್ಲ ಕಟ್ಟಿಕೊಂಡಿದೆ. ಚಳಿಗಾಲದಲ್ಲಿ ತುಪ್ಪದ ಗಡಿಗೆ ನೋಡಿದ್ದೀರಲ್ಲ, ಹಾಗೆ. ರಕ್ತ ತೆವಳಿಕೊಂಡು ಬರುತ್ತೆ. ಬಂದು ನನ್ನನ್ನೇ ಬಯ್ಯುತ್ತೆ. ಇದರ ಮೇಲೆ ನಿಮ್ಮ ಬೋಂಡದ ಬಾಣಲೆ ಬೇರೆ.”

ಬಾಣಲೆ ವಿಷಯ ಹೇಳೋದು ಮರೆತೆ ನೋಡಿ. ಅರಮನೆ ಬಾಣಲೆಯ ಎಣ್ಣೆ ದೊರೆಯ ಮುತ್ತಜ್ಜನ ಕಾಲದ್ದು. ಅದರಲ್ಲೇ ಕರಿದು, ಮತ್ತೆ ಅದರಲ್ಲೇ ಕರಿದು, ಮಸಿ ಹಾಗೆ ಕಪ್ಪಾಗಿತ್ತು. ಬೋಂಡ ಬಿಟ್ಟಾಗೆಲ್ಲ, ನಮ್ಮ ಕಾಲದಲ್ಲಿ ಬೋಂಡ ಇಷ್ಟು ಸಣ್ಣ ಇರಲಿಲ್ಲ ಅಂತ ಗೊಣಗ್ತಿತ್ತು.

“ಹೊನ್ನಾಜಿ ಮದುವೆ ಹತ್ತಿರ ಬಂತು,” ಅಂದ ದೊರೆ. ಹೊನ್ನಾಜಮ್ಮಣ್ಣಿ ಅವನ ಒಬ್ಬಳೇ ಮಗಳು. “ಧಾರೆ ಎರೆಯೋವರೆಗಾದರೂ ಇರಪ್ಪ.”

“ಇರ್ತೀನಿ. ಭಟ್ಟರಿಗೆ ಸಾಕು ಅನ್ನಿ.”

“ಅದೊಂದು ಬಿಟ್ಟು ಬೇರೆ ಏನಾದರೂ ಕೇಳು. ಅರ್ಧ ರಾಜ್ಯ ಕೊಡ್ತೀನಿ.”

“ಅರ್ಧ ರಾಜ್ಯ ಎಲ್ಲಿ ಇಟ್ಕೊಳ್ಳಲಿ? ನನಗೆ ಜೇಬಿಲ್ಲ,” ಅಂತು ಹೃದಯ. “ಮದುವೆ ದಿನದವರೆಗೆ ಅಮ್ಮಣ್ಣಿಯವರ ಕಿಟಕಿ ಮೇಲೆ ಕೂತು ಬಡ್ಕೊಳ್ತಿರ್ತೀನಿ. ಅಷ್ಟರಲ್ಲಿ ನೀವು ಆ ಮಾತು ಆಡದಿದ್ದರೆ ನಿಲ್ಲಿಸಿಬಿಡ್ತೀನಿ.”

ಮಗಳು ಓಡಿ ಬಂದಳು. ಅಪ್ಪನ ಕೈ ಹಿಡಿದಳು. ಕೈ ಜಾರಿತು. ಮತ್ತೆ ಹಿಡಿದಳು. ಮತ್ತೆ ಜಾರಿತು. “ಅಪ್ಪಾಜಿ, ನೀವು ನಿಂತು, ನನ್ನ ಕೈ ಹಿಡಿದು ಧಾರೆ ಎರೆದರೇ ನನಗೆ ಮದುವೆ. ಇಲ್ಲದಿದ್ದರೆ ಬೇಡವೇ ಬೇಡ,” ಅಂತ ಅತ್ತಳು. ದೊರೆಗೂ ಅಳು ಬಂತು. ಕಣ್ಣಲ್ಲಿ ನೀರು ಬರೋ ಬದಲು ತುಪ್ಪ ಬಂತು.

ದೊರೆ ಯೋಚನೆ ಮಾಡಿದ. ಸಾಕು ಅನ್ನೋ ಹಾಗಿಲ್ಲ. ಸರಿ, ತುಪ್ಪವೇ ಇಲ್ಲದಿದ್ದರೆ? ಕೂಡಲೇ ಡಂಗುರ ಹೊಡೆಸಿದ. ಜಿಡ್ಡು ಇರೋದೆಲ್ಲ ಗಡಿಪಾರು ಅಂತ. ತುಪ್ಪ ಹೋಯ್ತು, ಬೆಣ್ಣೆ ಹೋಯ್ತು. ಮುತ್ತಜ್ಜನ ಎಣ್ಣೆ ಗೊಣಗ್ತಾ ಹೋಯ್ತು. ಏನೂ ತಪ್ಪು ಮಾಡದ ಎಳ್ಳು ಹೋಯ್ತು, ಹುಚ್ಚೆಳ್ಳು ಹೋಯ್ತು, ಕಡಲೆಕಾಯಿ ಹೋಯ್ತು, ಅಗಸೆ ಹೋಯ್ತು. ತೆಂಗಿನಕಾಯಿ ಉರುಳಿಕೊಂಡು ಹೋಯ್ತು. “ನಾವೇನು ಮಾಡಿದ್ವಿ?” ಅಂತ ಕೆರೆ ಮೀನುಗಳು ಕೇಳಿದವು. “ನಿಮ್ಮಲ್ಲೂ ಎಣ್ಣೆ ಇದೆಯಂತೆ,” ಅಂದ ಮಂತ್ರಿ. ಅವು ಕೆರೆಯನ್ನ ಚಾಪೆ ಹಾಗೆ ಸುತ್ತಿ ಕಂಕುಳಲ್ಲಿ ಇಟ್ಕೊಂಡು ಹೊರಟವು. ಸೀನಂಭಟ್ಟ ಮಾತ್ರ ಖಾಲಿ ಮಿಳ್ಳೆ ಬಗ್ಗಿಸಿಕೊಂಡು ನಿಂತೇ ಇದ್ದ. ಅವನಿಗೆ ಯಾರೂ ಸಾಕು ಅಂದಿರಲಿಲ್ಲವಲ್ಲ.

ಈಗ ಕೇಳಿ ಮಜ. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯಲಿಲ್ಲ, ಮುಖ ಊದಿಸಿಕೊಂಡು ಕೂತುಬಿಡ್ತು. ದೊರೆ ಮಂಡಿ ಕಿರ್ ಅಂದರೆ ಅರಮನೆ ಬಾಗಿಲುಗಳು, ಏನಣ್ಣ ಕೂಗಿದೆಯಾ ಅಂತ ಎದ್ದು ಬಂದವು. ತಿಂದ ಸೊಪ್ಪು, ತಿಂದ ಕುಂಬಳಕಾಯಿ ಹೊಟ್ಟೆ ಬಾಗಿಲಲ್ಲಿ ಕೂತು ಗೋಳಾಡಿದವು. “ಕಣ್ಣಿಗೆ ಅಂತ ಒಳ್ಳೆ ಸಾಮಾನು ಹೊತ್ತು ತಂದಿದ್ದೀವಿ. ಒಳಗೆ ಕರ್ಕೊಂಡು ಹೋಗೋಕೆ ಒಂದು ತೊಟ್ಟು ಎಣ್ಣೆ ಇಲ್ಲವಲ್ಲ.” ಕಾದು ಕಾದು ಸಾಮಾನು ಸಮೇತ ಹೊರಟುಹೋದವು. ದೊರೆ ಕಣ್ಣು ಮಂಜಾಯ್ತು.

ಆಮೇಲೆ ಮಿದುಳು ಎದ್ದು ನಿಂತಿತು. “ನನ್ನಲ್ಲಿ ಅರ್ಧಕ್ಕರ್ಧ ಜಿಡ್ಡೇ ಇರೋದು. ನನಗೂ ಗಡಿಪಾರು ತಾನೇ?” ಅಂತ ಗಂಟುಮೂಟೆ ಕಟ್ಟೋಕೆ ಶುರು ಮಾಡ್ತು. ಮೊದಲು ಗಂಟಿಗೆ ಹಾಕಿದ್ದು ಹೆಸರುಗಳನ್ನ.

ಮಗಳು ಬಂದು ಅಪ್ಪನ ಕೈ ಹಿಡಿದಳು. ಈಗ ಕೈ ಜಾರಲಿಲ್ಲ, ಒಣ ಸೌದೆ ಹಾಗಿತ್ತು. ದೊರೆ ಅವಳ ಮುಖವನ್ನೇ ನೋಡಿದ.

“ಯಾರಮ್ಮ ನೀನು? ಕುಂಬಳಕಾಯಿ ಕಡೆಯವಳಾ?”

ಹೊನ್ನಾಜಮ್ಮಣ್ಣಿಗೆ ಕರುಳು ಚುರ್ ಅಂತು. ಸೆರಗು ಸಿಕ್ಕಿಸಿ ಸೀದಾ ರಾಜ್ಯದ ಗಡಿಗೆ ಹೋದಳು. ಎಳ್ಳು, ಅಗಸೆ, ಕಡಲೆಕಾಯಿ, ತೆಂಗು, ತುಪ್ಪ, ಎಲ್ಲರನ್ನೂ ಕರ್ಕೊಂಡು ಬಂದಳು. ಮೀನುಗಳು ಕೆರೆ ತಂದು ಹಾಸಿದವು. ಮುತ್ತಜ್ಜನ ಎಣ್ಣೆಗೆ ಮಾತ್ರ, “ತಾತ, ನೀವು ಗಾಡಿ ಕೀಲಿನಲ್ಲಿ ಇರಿ, ಅಲ್ಲಿ ಮರ್ಯಾದೆ ಜಾಸ್ತಿ,” ಅಂತ ಕೈ ಮುಗಿದಳು.

ಮದುವೆ ದಿನ ಬಂತು. ದೊರೆ ಮುಂದೆ ಎಲೆ ಹಾಕಿದರು. ಅನ್ನ, ತೊವ್ವೆ, ಸೊಪ್ಪಿನ ಪಲ್ಯ, ಅಗಸೆ ಚಟ್ನಿಪುಡಿ. ಹೃದಯ ಬಂದು ಎಲೆ ತುದಿಯಲ್ಲಿ ಕೂತಿತು. ಭಟ್ಟ ಬಗ್ಗಿಸಿಕೊಂಡೇ ಇದ್ದ ಮಿಳ್ಳೆಯಿಂದ ಮತ್ತೆ ತುಪ್ಪ ಇಳೀತು. ಒಂದು ಚಮಚದಷ್ಟು ಬಿತ್ತು. ಆ ಘಮಕ್ಕೇ ದೊರೆಗೆ ಎದುರಿನ ಮುಖ ಎಲ್ಲೋ ನೋಡಿದ ಹಾಗೆ ಅನ್ನಿಸಿತು.

“ಇನ್ನೂ ಮಹಾಸ್ವಾಮಿ?”

ಹೃದಯ ಹೋಗೋಕೆ ಅಂತ ಎದ್ದು ನಿಂತಿತು. ಮಗಳು ಅಪ್ಪನನ್ನೇ ನೋಡ್ತಿದ್ದಳು. ಹುಟ್ಟಿದಾಗಿಂದ ಆಡದ ಮಾತು, ಗಂಟಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತು.

“ಸಾ...” ಅಂದ ದೊರೆ. ಊರೆಲ್ಲ ಉಸಿರು ಬಿಗಿಹಿಡೀತು. ಮಂತ್ರಿ ಬೆನ್ನು ನೀವಿದ. ತುಪ್ಪ ಬೀಳ್ತಾನೇ ಇತ್ತು.

“ಸಾಕು ಭಟ್ಟರೇ.”

ಸೀನಂಭಟ್ಟ ಮಿಳ್ಳೆ ಎತ್ತಿದ. ಎಷ್ಟೋ ವರ್ಷದ ಮೇಲೆ ಕೈ ಕೆಳಗಿಳಿಸಿ, ಆ ಕೈ ತನ್ನದೇನಾ ಅಂತ ತಿರುಗಿಸಿ ತಿರುಗಿಸಿ ನೋಡಿಕೊಂಡ. ಹೃದಯ ತನ್ನ ಜಾಗಕ್ಕೆ ಹೋಯ್ತು. ಮಿದುಳು ಗಂಟು ಬಿಚ್ಚಿತು. ದೊರೆ ಹೊಟ್ಟೆ ತುಂಬ ಉಂಡ. ಉಂಡು ತಲೆ ಎತ್ತಿ, “ಹೊನ್ನಾಜಿ,” ಅಂದ.

ಧಾರೆಗೆ ನಿಂತರು. ದೊರೆ ಮಗಳ ಕೈ ಹಿಡಿದ. ಕೈ ಜಾರಲಿಲ್ಲ, ಒರಟಾಗೂ ಇರಲಿಲ್ಲ. ಪುರೋಹಿತರು ಮಂತ್ರ ಮುಗಿಸಿ, “ದೊರೆಗಳು ಇನ್ನು ಕೈ ಬಿಡಬಹುದು,” ಅಂದರು. ದೊರೆ ಬಿಡಲಿಲ್ಲ. ಮುಹೂರ್ತ ದಾಟಿತು. ಮದುವೆ ಗಂಡಿಗೆ ಕಾಲು ಜೋಮು ಹಿಡೀತು. ಓಲಗದವರು ಬಾರಿಸಿದ್ದನ್ನೇ ಬಾರಿಸಿದರು. “ಇನ್ನು ಸ್ವಲ್ಪ, ಇನ್ನು ಸ್ವಲ್ಪ,” ಅಂತಿದ್ದ ದೊರೆ. ಹೃದಯವೂ ಈ ಸಲ ಏನೂ ಹೇಳಲಿಲ್ಲ.

ಮಗಳು ಸೆರಗಿನ ತುದಿಯಲ್ಲಿ ಅಪ್ಪನ ಕಣ್ಣು ಒರೆಸಿದಳು. ಈಗ ನೀರೇ ಬರ್ತಿತ್ತು. “ಸಾಕು ಅಪ್ಪಾಜಿ,” ಅಂದಳು, ಮೆಲ್ಲಗೆ. ಅವನು ಬಿಟ್ಟ.

ಈ ಕತೆಯ ನೀತಿ ಏನಪ್ಪ ಅಂದರೆ, ಹಸುಗಳಿಗೆ ಅಷ್ಟೊಂದು ಜಂಬ ಒಳ್ಳೇದಲ್ಲ. ಅವರು ಅಲ್ಲಿ ಕೈ ತೊಳೆದರು, ನಾವು ಇಲ್ಲಿ ಬಾಯಿ ಮುಚ್ಚಿದೆವು. ಎಲ್ಲಿ, ಹೂಂಗುಟ್ಟಿದವರು ಬೊಗಸೆ ಒಡ್ಡಿ. ಹುರಿಗಡಲೆ ಹಾಕ್ತಾ ಇರ್ತೀನಿ. ಯಾವಾಗ ನಿಲ್ಲಿಸಬೇಕು ಅಂತ ನೀವೇ ಹೇಳಿ.